ಒಂದೂವರೆ ಇಂಚಿನ ಸಂಕೋಚ

ನಿವೃತ್ತನಾದ ದಿನ ಕೈಯ ಹತ್ತು, ಕಾಲಿನ ಹತ್ತು, ಹೀಗೆ ನನ್ನ ಎಲ್ಲ ಬೆರಳೂ ನನ್ನ ಹತ್ತಿರವೇ ಇದ್ದವು. ಬಡಗಿ ಕೆಲಸ ಕಲಿಸುವ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಶಾಲೆಯವರು ಬೀಳ್ಕೊಡುವಾಗ ಕೊಟ್ಟ ಗಡಿಯಾರ ವರ್ಷ ತುಂಬುವ ಮೊದಲೇ ನಿಂತುಹೋಯಿತು. ಬೆರಳುಗಳು ಇನ್ನೂ ನಡೆಯುತ್ತಿವೆ.

ಈಚೆಗೆ ಜರ್ಸಿ ಸಿಟಿಯ ಒಬ್ಬ ಕನ್ನಡದ ಹುಡುಗಿ ಫೋನ್ ಮಾಡಿದ್ದಳು. ಅವಳಿಗೆ ಒಂದು ವೃತ್ತಿಶಿಕ್ಷಣ ಶಾಲೆಯಲ್ಲಿ ವೈರಿಂಗ್ ಕಲಿಸುವ ಕೆಲಸ ಸಿಕ್ಕಿದೆಯಂತೆ. “ಅಂಕಲ್, ಎನಿ ಅಡ್ವೈಸ್?” ಎಂದು ಕೇಳಿದಳು. ನಿವೃತ್ತನಾದವನ ಹತ್ತಿರ ಹೀಗೆ ಕೇಳಬಾರದು ಎಂಬುದೇ ನಾನು ಅವಳಿಗೆ ಕೊಡಬೇಕಾಗಿದ್ದ ಮೊದಲ ಅಡ್ವೈಸ್. ಕೇಳಿದ್ದಾಳೆ, ಅನುಭವಿಸಲಿ. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದವನು, ಅಡ್ಡಹೆಸರು ಹೊಸಮನಿ. ಅಲ್ಲಿ ಐಟಿಐ ಒಂದರಲ್ಲಿ ಮರಗೆಲಸ ಕಲಿಸುತ್ತಿದ್ದೆ. ಹೆಂಡತಿ ಶಕುಂತಲಾ ಮಕ್ಕಳ ಡಾಕ್ಟರು. ಅವಳಿಗೆ ನ್ಯೂ ಜರ್ಸಿಯ ಆಸ್ಪತ್ರೆಯಲ್ಲಿ ಕೆಲಸವಾಯಿತು, ಅವಳ ಸಾಮಾನಿನ ಜೊತೆ ನಾನೂ ಬಂದೆ. ಮಾರಿಸ್‌ಟೌನಿನ ಹತ್ತಿರದ ಒಂದು ವೃತ್ತಿಶಿಕ್ಷಣ ಶಾಲೆಗೆ ಬಡಗಿ ಮೇಷ್ಟ್ರು ಬೇಕಾಗಿದ್ದರು. ಅಲ್ಲಿ ಮರಗೆಲಸದ ಕಾರ್ಖಾನೆಗೆ ‘ಶಾಪ್’ ಎನ್ನುತ್ತಾರೆ. ನಾನು ಶಾಪಿನಲ್ಲಿ ಕೆಲಸ ಮಾಡುತ್ತೇನೆ ಎಂದು ಊರಿಗೆ ಬರೆದಾಗ ನಮ್ಮ ಮಾವನವರು, ಮಗಳು ಡಾಕ್ಟರು, ಅಳಿಯ ಕಿರಾಣಿ ಅಂಗಡಿ ಇಟ್ಟಿದ್ದಾನೆ ಎಂದು ತಿಳಿದು ಒಂದು ವಾರ ಊಟ ಬಿಟ್ಟಿದ್ದರು.

ಮೊದಲ ವಾರದಲ್ಲೇ ಒಂದು ಅವಾಂತರ ಮಾಡಿದೆ. ನಮ್ಮ ಕಡೆಯ ಬಡಗಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹಲಗೆಯನ್ನು ಕಾಲಿನ ಹೆಬ್ಬೆರಳಿನಿಂದ ಅದುಮಿ ಹಿಡಿದು ರಂದಾ ಹೊಡೆಯುತ್ತಾನೆ. ಶಾಪಿನ ಮೇಜಿನ ಮೇಲೆ ಹಲಗೆಯನ್ನು ಬಿಗಿದು ಹಿಡಿಯುವ ವೈಸ್ ಅವತ್ತು ಕೆಟ್ಟಿತ್ತು. ನಾನು ಏನೂ ಯೋಚಿಸದೆ ಶೂ, ಕಾಲುಚೀಲ ಬಿಚ್ಚಿ ನೆಲಕ್ಕೆ ಕೂತು ಹಲಗೆಯನ್ನು ನುಣ್ಣಗೆ ಮಾಡಿ ತೋರಿಸಿದೆ. ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು. ಅವರಲ್ಲಿ ಯಾರೂ ಕಾಲನ್ನು ನಡೆಯುವುದಕ್ಕಲ್ಲದೆ ಬೇರೆ ಕೆಲಸಕ್ಕೆ ಬಳಸಿದವರಲ್ಲ. ಐದು ನಿಮಿಷದಲ್ಲಿ ಇಡೀ ಕ್ಲಾಸು ಬರಿಗಾಲಲ್ಲಿ ನೆಲದ ಮೇಲೆ ಕೂತಿತ್ತು.

ಆಗಲೇ ಸೇಫ್ಟಿ ಇನ್ಸ್‌ಪೆಕ್ಟರ್ ಬಂದರು, ಜೊತೆಗೆ ನಮ್ಮ ಆಗಿನ ಮುಖ್ಯಸ್ಥರು. ಅವರು ಮುದುಕರು, ಒಳ್ಳೆಯವರು, ಸುಳ್ಳು ಹೇಳಿ ಅಭ್ಯಾಸವಿಲ್ಲದವರು.

“ಇದೇನು?” ಎಂದರು ಇನ್ಸ್‌ಪೆಕ್ಟರ್.

“ಒಂದು ಮೊಳೆ ಕಳೆದಿದೆ, ಹುಡುಕ್ತಾ ಇದ್ದಾರೆ” ಎಂದರು ಮುಖ್ಯಸ್ಥರು.

“ಬರಿಗಾಲಲ್ಲಿ?”

“ಬೇಗ ಸಿಗುತ್ತೆ ಅಂತ.”

ಇನ್ಸ್‌ಪೆಕ್ಟರ್ ಹೋದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಕೈಬೆರಳು ಮಾತ್ರ ಎಣಿಸಿದರೆ ಸಾಲದು ಹೊಸಮನಿ, ನಮ್ಮ ಇನ್ಶೂರೆನ್ಸಿನವರು ಕಾಲಿನದನ್ನೂ ಎಣಿಸುತ್ತಾರೆ ಎಂದರು. ಅಷ್ಟಕ್ಕೇ ಬಿಟ್ಟರು. ಅಂಥ ಮೇಲಧಿಕಾರಿ ಸಿಕ್ಕಿದರೆ ಅವರು ನಿವೃತ್ತರಾಗದ ಹಾಗೆ ದೇವರಿಗೆ ಹರಕೆ ಹೊತ್ತುಕೊಳ್ಳಿ. ನಾನು ಹೊರಲಿಲ್ಲ, ಅವರು ನಿವೃತ್ತರಾದರು.

ಅವರ ಜಾಗಕ್ಕೆ ಮಿಸೆಸ್ ಡನ್ ಡೈರೆಕ್ಟರಾಗಿ ಬಂದರು. ಅವರ ಜೊತೆಗೇ ಐಟಿಯ ಸುಗ್ಗಿಯೂ ಬಂತು. ಆ ದಿನಗಳನ್ನು ಈಗಿನವರಿಗೆ ಹೇಗೆ ಹೇಳಲಿ. ಕನ್ನಡ ಸಂಘದ ಊಟದಲ್ಲಿ ಎಡಕ್ಕೆ ತಿರುಗಿದರೆ ಪ್ರೋಗ್ರಾಮರ್, ಬಲಕ್ಕೆ ತಿರುಗಿದರೆ ಪ್ರೋಗ್ರಾಮರ್, ಬಡಿಸುವವನು ಪ್ರಾಜೆಕ್ಟ್ ಮ್ಯಾನೇಜರ್. ನನ್ನನ್ನು ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುವರು: “ಸಾರ್, ನೀವು ಯಾವುದರ ಮೇಲೆ ವರ್ಕ್ ಮಾಡ್ತಾ ಇದ್ದೀರಾ?” “ಏಣಿ ಮೇಲೆ” ಎನ್ನುತ್ತಿದ್ದೆ. ಅದು ಹೊಸ ಸಾಫ್ಟ್‌ವೇರ್ ಇರಬೇಕೆಂದು ತಲೆ ಆಡಿಸಿ ಮುಂದೆ ಹೋಗುತ್ತಿದ್ದರು. ಫೋರ್ಟ್ ಲೀಯಿಂದ ಬರುತ್ತಿದ್ದ ಒಬ್ಬರು ಮಾತ್ರ ಅದರ ಹೊಸ ವರ್ಷನ್ ಯಾವಾಗ ಬರುತ್ತದೆ ಎಂದು ಕೇಳಿದ್ದರು.

ಎರಡು ಸಾವಿರದ ಇಸವಿ ಹತ್ತಿರವಾದಂತೆ ಎಲ್ಲರಿಗೂ ಹೊಸದೊಂದು ಭಯ ಹಿಡಿಯಿತು. ಆ ರಾತ್ರಿ ಕಂಪ್ಯೂಟರುಗಳ ತಲೆ ಕೆಟ್ಟು ಲೋಕವೇ ನಿಂತುಹೋಗುತ್ತದೆ ಎಂಬ ಭಯ. ಪ್ರತಿಯೊಂದು ವಿಭಾಗವೂ ತನ್ನ ಸಾಮಾನುಗಳು ಹೊಸ ಶತಮಾನಕ್ಕೆ ತಯಾರಿವೆಯೇ ಎಂದು ಪರೀಕ್ಷಿಸಿ ಬರೆದುಕೊಡಬೇಕೆಂದು ಬೋರ್ಡಿನಿಂದ ಅಪ್ಪಣೆಯಾಯಿತು. ಬೋರ್ಡ್ ಎಂದರೆ ಶಾಲೆಯ ಆಡಳಿತ ಮಂಡಳಿ, ಅದರ ಮಾತು ಮೀರುವ ಹಾಗಿಲ್ಲ. ನಾನು ಒಂದೊಂದಾಗಿ ಪರೀಕ್ಷಿಸಿದೆ. ಸುತ್ತಿಗೆ: ತಯಾರಿದೆ. ಗರಗಸ: ತಯಾರಿದೆ. ಉಳಿ: ಹರಿತ ಮಾಡಬೇಕು, ಶತಮಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಮಿಸೆಸ್ ಡನ್ ಅದನ್ನು ಓದಿ ನಗಲಿಲ್ಲ. ಸುತ್ತಿಗೆಯ ಮಾಡೆಲ್ ನಂಬರ್ ಯಾಕೆ ಬರೆದಿಲ್ಲ ಎಂದು ಕೇಳಿದರು.

ಅವರು ಕೆಟ್ಟವರೆಂದು ಹೇಳುತ್ತಿಲ್ಲ. ಅವರ ಮೇಲೆ ಬೋರ್ಡಿನ ಒತ್ತಡವಿತ್ತು, ತಂದೆತಾಯಿಗಳ ಒತ್ತಡವಿತ್ತು. ಎಲ್ಲರಿಗೂ ಮಕ್ಕಳು ಕಂಪ್ಯೂಟರ್ ಕಲಿಯಬೇಕು. ಒಂದು ದಿನ ಅವರು ಶಾಪಿಗೆ ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದರು. ಬಡಗಿಯ ಮುಂದೆ ಯಾರಾದರೂ ಹೆಜ್ಜೆಯಲ್ಲಿ ಅಳೆದರೆ ಆ ಜಾಗದ ಮೇಲೆ ಅವರ ಕಣ್ಣು ಬಿದ್ದಿದೆ ಎಂದು ಅರ್ಥ ಆಗಬೇಕು.

“ಮಿಸ್ಟರ್ ಎಚ್, ಇಲ್ಲಿ ಎಷ್ಟು ಕಂಪ್ಯೂಟರ್ ಹಿಡಿಯಬಹುದು?”

“ಧೂಳು ಒರೆಸಿದರೆ ಒಂದು” ಎಂದೆ.

ಆಗ ಅವರು ನೇರವಾಗಿ ಹೇಳಿದರು. ಬೋರ್ಡಿಗೆ ತೋರಿಸಲು ಏನಾದರೂ ದೊಡ್ಡದು ಬೇಕು. ನೆರೆಯ ಕೆನಡಾದ ಒಂದು ವೃತ್ತಿ ಕಾಲೇಜು ಜೊತೆಗೂಡಿ ಕಲಿಸುವ ಯೋಜನೆಗೆ ಒಪ್ಪಿದೆ. ಎರಡು ದೇಶದ ಹುಡುಗರು ಸೇರಿ ಒಂದು ವಸ್ತು ಕಟ್ಟಿ ನಿಲ್ಲಿಸಿದರೆ ಬಡಗಿ ಶಾಪ್ ಉಳಿಸಿ ಎಂದು ಬೋರ್ಡಿಗೆ ಹೇಳಲು ಅವರಿಗೊಂದು ಮುಖ ಇರುತ್ತದೆ. ಇಲ್ಲದಿದ್ದರೆ ಬೇಸಿಗೆ ರಜೆಯಲ್ಲಿ ಯಂತ್ರಗಳು ಹೊರಗೆ, ಕಂಪ್ಯೂಟರುಗಳು ಒಳಗೆ.

ಆ ಮಧ್ಯಾಹ್ನ ನನಗೆ ನಿಜಕ್ಕೂ ಹೆದರಿಕೆಯಾಯಿತು. ನನ್ನ ಸಂಬಳಕ್ಕಾಗಿ ಅಲ್ಲ, ಮನೆಯಲ್ಲಿ ಡಾಕ್ಟರಿದ್ದಳು. ಆ ಶಾಪಿಗೆ ಬರುತ್ತಿದ್ದ ಹುಡುಗರು ಬೇರೆ ಎಲ್ಲ ಕ್ಲಾಸಿನಲ್ಲೂ ಬೈಸಿಕೊಂಡು ಬಂದವರು. ಒಂದು ಕುರ್ಚಿ ಮಾಡಿ, ಅದರ ಮೇಲೆ ತಾವೇ ಕೂತು, ಅದು ಮುರಿಯದೆ ಇದ್ದಾಗ ಅವರ ಮುಖ ನೋಡಬೇಕು. ಆ ಮುಖಗಳನ್ನು ನೋಡುವುದಕ್ಕಾಗಿಯೇ ನಾನು ಚಳಿಗಾಲದಲ್ಲಿ ಕಾರಿನ ಮೇಲಿನ ಹಿಮ ಕೆರೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಆ ಜಾಗ ನನಗೆ ಬೇಕಾಗಿತ್ತು.

ಕೆನಡಾದ ಕಡೆಯ ಮೇಷ್ಟ್ರ ಹೆಸರು ಮಾರ್ಸೆಲ್. ಮಾಂಟ್ರಿಯಲ್ ದಾಟಿ ಒಂದು ಸಣ್ಣ ಊರಿನವನು, ಮನೆಮಾತು ಫ್ರೆಂಚ್, ಮೀಸೆ ದೊಡ್ಡದು. ಫೋನಿನಲ್ಲಿ ಮೊದಲ ಸಲ ಮಾತಾಡಿದಾಗಲೇ ಇವನು ನಮ್ಮವನು ಅನ್ನಿಸಿತು. ಏನು ಕಟ್ಟೋಣ ಎಂದರೆ “ನೀವು ಹೇಳಿದ್ದು” ಎನ್ನುವನು. ನೀವೇ ಹೇಳಿ ಎಂದರೆ “ಛೆ, ನೀವು ಮೊದಲು” ಎನ್ನುವನು. ಹೀಗೆ ಎರಡು ವಾರ ಕಳೆದ ಮೇಲೆ ಎಂಟು ಕಂಬದ ಒಂದು ಮರದ ಮಂಟಪ ಎಂದು ನಿರ್ಧಾರವಾಯಿತು. ನೆಲ ಮತ್ತು ನಾಲ್ಕು ಕಂಬ ನಮ್ಮದು, ಚಾವಣಿ ಮತ್ತು ಉಳಿದ ನಾಲ್ಕು ಕಂಬ ಅವರದು. ಅವರು ಲಾರಿಯಲ್ಲಿ ತರಬೇಕು, ನಮ್ಮ ಶಾಲೆಯ ಮುಂದಿನ ಹುಲ್ಲಿನ ಮೇಲೆ ಬೋರ್ಡಿನ ಎದುರು ಜೋಡಿಸಬೇಕು. ಕಂಬದ ಎತ್ತರ ಎಂಟು ಅಡಿ ಎಂದು ನಕ್ಷೆ ಬರೆದು ಫ್ಯಾಕ್ಸ್ ಮಾಡಿದೆ.

ಕಳಿಸಿದ ಮೇಲೆ ನನಗೆ ಸಂಕೋಚ ಶುರುವಾಯಿತು. ಕೆನಡಾ ಮೀಟರಿನ ದೇಶ. ಅಲ್ಲಿ ರಸ್ತೆಯ ಮೇಲೆ ಕಿಲೋಮೀಟರ್ ಬರೆದಿರುತ್ತಾರೆ. ಪಾಪ, ಅವರಿಗೆ ಅಡಿ, ಇಂಚು ಕೊಟ್ಟು ಕಷ್ಟಪಡಿಸಿದೆನಲ್ಲ. ನಾನು ಮೀಟರಿನಲ್ಲಿ ಕಲಿತವನು, ನನಗೇನು ಭಾರ? ಎಲ್ಲ ಅಳತೆಯನ್ನೂ ಮೀಟರಿಗೆ ತಿರುಗಿಸಿ, ಬಾಯಲ್ಲಿ ಹೇಳಲು ಸುಲಭವಾಗಲೆಂದು ಕಂಬವನ್ನು ಎರಡು ಮೀಟರ್ ನಲವತ್ತು ಸೆಂಟಿಮೀಟರ್ ಎಂದು ದುಂಡಗೆ ಮಾಡಿ, ಇನ್ನೊಂದು ನಕ್ಷೆ ಕಳಿಸಿದೆ. ನಮ್ಮ ಹುಡುಗರಿಗೂ ಮೀಟರಿನ ಟೇಪು ಕೊಡಿಸಿ ಅದರಂತೆಯೇ ಕಂಬ ಮಾಡಿಸಿದೆ. ಆ ಹುಡುಗರು ಸೆಂಟಿಮೀಟರ್ ಕಂಡು ಬೈದುಕೊಂಡದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಲ್ಲಿ ಮಾರ್ಸೆಲ್‌ನ ಕಥೆ ಬೇರೆ. ಕೆನಡಾದ ಬಡಗಿಗಳು ಕಾಗದದ ಮೇಲೆ ಏನೇ ಇರಲಿ, ಕೈಯಲ್ಲಿ ಅಡಿ ಇಂಚಿನಲ್ಲೇ ಕೆಲಸ ಮಾಡುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಅವನು ನನ್ನ ಎರಡನೆಯ ನಕ್ಷೆ ನೋಡಿ, ಪಾಪ, ಈ ಮನುಷ್ಯ ನಮಗೋಸ್ಕರ ಇಷ್ಟು ಕಷ್ಟಪಟ್ಟಿದ್ದಾನೆ, ಅವನ ಹುಡುಗರು ಮಾಡುವುದು ಅಡಿಯಲ್ಲೇ ತಾನೇ ಎಂದುಕೊಂಡು, ಅದನ್ನು ಗೌರವದಿಂದ ಗೋಡೆಗೆ ಅಂಟಿಸಿ, ಮೊದಲನೆಯ ನಕ್ಷೆಯಂತೆ ಎಂಟು ಅಡಿಯ ಕಂಬ ಮಾಡಿಸಿದ. ಮೇಲೆ ಅವನಿಂದ ಒಂದು ಫೋನ್. “ನೀವು ಹೇಳಿದ ಹಾಗೇ ಮಾಡಿದ್ದೇವೆ.” “ನಾವೂ ಅಷ್ಟೇ.” ಇಬ್ಬರಿಗೂ ತುಂಬಾ ಸಂತೋಷ.

ಆ ದಿನ ಬಂತು. ಮಾರ್ಸೆಲ್ ಹುಡುಗರನ್ನು ಕಟ್ಟಿಕೊಂಡು ಲಾರಿಯಲ್ಲಿ ಬೆಳಿಗ್ಗೆಯೇ ಇಳಿದ. ಗಡಿಯಲ್ಲಿ ಅಧಿಕಾರಿ ಲಾರಿ ನಿಲ್ಲಿಸಿ ಇದೇನು ಎಂದು ಕೇಳಿದನಂತೆ. ಇದು ಅರ್ಧ ಎಂದನಂತೆ ಇವನು. ಇನ್ನರ್ಧ ಎಲ್ಲಿ ಎಂದರೆ ನ್ಯೂ ಜರ್ಸಿಯಲ್ಲಿ. ಯಾತರ ಅರ್ಧ ಎಂದರೆ ನೆರಳಿನ ಅರ್ಧ ಎಂದನಂತೆ. ಅಧಿಕಾರಿ ಬಹಳ ಹೊತ್ತು ಇವನ ಮೀಸೆ ನೋಡಿ ಬಿಟ್ಟುಬಿಟ್ಟನಂತೆ.

ಬೋರ್ಡಿನವರು ಮಧ್ಯಾಹ್ನ ಊಟದ ಮೇಲೆ ಬರುವವರಿದ್ದರು. ನಾವು ಎಂಟೂ ಕಂಬ ನಿಲ್ಲಿಸಿ, ಚಾವಣಿ ಏರಿಸುವ ಮೊದಲು ಅವುಗಳ ತಲೆಯ ಮೇಲೆ ಒಂದು ಉದ್ದ ಹಲಗೆ ಅಡ್ಡ ಹಾಕಿ, ಮಟ್ಟ ನೋಡಲು ರಸಮಟ್ಟ ಇಟ್ಟೆವು. ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲದೆ ಓಡಿ ಒಂದು ತುದಿಗೆ ಅಂಟಿಕೊಂಡಿತು. ಅಳೆದರೆ ನಮ್ಮ ಕಂಬ ಅವರದಕ್ಕಿಂತ ಸರಿಯಾಗಿ ಒಂದೂವರೆ ಇಂಚು ಗಿಡ್ಡ. ನೆಲದಲ್ಲಿ, ಚಾವಣಿಯಲ್ಲಿ ಅಂಗುಲ ಹೆಚ್ಚುಕಡಿಮೆಯಾದರೆ ಮುಚ್ಚಿಹೋಗುತ್ತದೆ, ಕಂಬದಲ್ಲಿ ಮುಚ್ಚುವುದಿಲ್ಲ. ಎರಡು ನಕ್ಷೆಯ ಸಂಗತಿ ಆಗಲೇ ಇಬ್ಬರಿಗೂ ಹೊಳೆದದ್ದು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು.

“ತಪ್ಪು ನನ್ನದು” ಎಂದ ಮಾರ್ಸೆಲ್.

“ಇಲ್ಲ ಇಲ್ಲ, ನನ್ನದು” ಎಂದೆ.

“ನೀವು ಏನೂ ಮಾಡಬೇಡಿ. ಊಟ ಮಾಡಿ ಬಂದು ನೋಡೋಣ.”

“ನೀವೂ ಏನೂ ಮಾಡಬೇಡಿ” ಎಂದು ಹೇಳಿ ಅವನನ್ನು ಊಟಕ್ಕೆ ಮನೆಗೆ ಕರೆದುಕೊಂಡು ಹೊರಟೆ. ಆದರೆ ಅತಿಥಿಯನ್ನು ದೂರದಿಂದ ಕರೆಸಿ ಅವನ ಕಂಬ ಕೊಯ್ಯಿಸುವುದು ಎಲ್ಲಾದರೂ ಉಂಟೇ? ಕಾರು ಹತ್ತುವ ಮೊದಲು ನಮ್ಮ ಹುಡುಗರ ಕಿವಿಯಲ್ಲಿ, ನಮ್ಮ ನಾಲ್ಕೂ ಕಂಬದ ಬುಡಕ್ಕೆ ಒಂದೂವರೆ ಇಂಚಿನ ತುಂಡು ಕೊಡಿ ಎಂದು ಉಸುರಿದೆ. ಮಾರ್ಸೆಲ್ ಕೂಡ ತನ್ನ ಹುಡುಗರಿಗೆ ಫ್ರೆಂಚಿನಲ್ಲಿ ಏನೋ ಹೇಳಿದ. ಬಾತ್ರೂಮು ಎಲ್ಲಿದೆ ಎಂದು ಹೇಳುತ್ತಿರಬೇಕು ಎಂದುಕೊಂಡೆ.

ಮನೆಯಲ್ಲಿ ಶಕುಂತಲಾ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ನಾನೂ ಮಾರ್ಸೆಲ್‌ನೂ ಒಳಗೊಳಗೇ ನಗುತ್ತ ಉಂಡೆವು. ಅವನಿಗೆ ಗೊತ್ತಿಲ್ಲದೆ ಅವನ ಮಾನ ಉಳಿಸಿದೆ ಎಂದು ನನಗೆ ಹೆಮ್ಮೆ. ಅವನ ಮುಖದಲ್ಲೂ ಅಂಥದೇ ಒಂದು ಕಳೆ ಇತ್ತು, ಎಣ್ಣೆಗಾಯಿ ಹಿಡಿಸಿರಬೇಕು ಎಂದುಕೊಂಡೆ. ಹುಡುಗರಿಗೆಂದು ಒಂದು ದೊಡ್ಡ ಡಬ್ಬಿ ಮಂಡಕ್ಕಿ ಗಿರಮಿಟ್ ಕಲಸಿಕೊಂಡು ಶಕುಂತಲಾನೂ ನಮ್ಮ ಜೊತೆ ಹೊರಟಳು.

ಬಂದು ಹಲಗೆ ಹಾಕಿ ರಸಮಟ್ಟ ಇಟ್ಟೆವು. ಗುಳ್ಳೆ ಈ ಸಲ ಆ ಕಡೆಯ ತುದಿಗೆ ಓಡಿತು. ಈಗ ಅವರ ಕಂಬ ಒಂದೂವರೆ ಇಂಚು ಗಿಡ್ಡ.

ನಾವು ಉಣ್ಣುತ್ತಿದ್ದಾಗ ನಮ್ಮ ಹುಡುಗರು ನಮ್ಮದನ್ನು ಎತ್ತರಿಸಿದ್ದರು, ಅವನ ಹುಡುಗರು ತಮ್ಮದನ್ನು ಕೊಯ್ದಿದ್ದರು. ಒಂದೇ ಹುಲ್ಲಿನ ಮೇಲೆ, ಮುಖಾಮುಖಿ.

“ಅವರು ಕೊಯ್ಯೋದು ಕಾಣಿಸಲಿಲ್ವಾ?” ಎಂದು ನಮ್ಮ ಹುಡುಗನೊಬ್ಬನನ್ನು ಕೇಳಿದೆ.

“ಕಾಣಿಸ್ತು ಮಿಸ್ಟರ್ ಎಚ್. ಅದೂ ನಿಮ್ಮ ಪ್ಲಾನ್ ಅಂದ್ಕೊಂಡ್ವಿ.”

ದೂರದಲ್ಲಿ ಬೋರ್ಡಿನವರ ಕಾರುಗಳು ಬಂದು ನಿಲ್ಲುತ್ತಿದ್ದವು. ಮಾರ್ಸೆಲ್ ಬೆವರು ಒರೆಸಿಕೊಂಡು, ತಾವು ಕೊಯ್ದ ಕಂಬಕ್ಕೇ ತುಂಡು ಕೊಡುತ್ತೇವೆ ಎಂದು ಹೊರಟ. ಬೇಡ ಬೇಡ, ನಮ್ಮದನ್ನೇ ತೆಗೆಯುತ್ತೇವೆ ಎಂದು ನಾನು ಹೊರಟೆ. ಇಬ್ಬರೂ ತಮ್ಮ ತಮ್ಮ ಹುಡುಗರನ್ನು ಕೂಗಿದೆವು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಗುಳ್ಳೆ ಮತ್ತೆ ಈ ಕಡೆ ಓಡಿ ಬರುತ್ತಿತ್ತು.

ಶಕುಂತಲಾ ಡಬ್ಬಿ ಕೆಳಗಿಟ್ಟಳು.

“ಏನ್ರೀ, ಇಬ್ಬರೂ ಕೂಡಿ ಏನ್ ನಡಸೀರಿ ಇಲ್ಲೆ? ಹೇಳ್ರಿ ನನಗ.”

ನಾನು ಹೇಳಿದೆ. ಅತ್ತುಬಿಡುವ ಹಾಗಾಗಿತ್ತು.

“ಅಂವ ಕೊಯ್ದಾನ. ಕೊಯ್ದದ್ದು ತಿರುಗಿ ಬೆಳ್ಯಾಂಗಿಲ್ಲ. ನಿಮ್ಮ ಬುಡದಾಗಿನ ತುಂಡು ತಗೀರಿ. ಅಷ್ಟ, ಮುಗೀತು.”

“ಅವನು ಏನು ತಿಳ್ಕೊತಾನ ಶಕ್ಕೂ, ಅತಿಥಿ—”

“ಅವನ್ನ ನಾ ನೋಡ್ಕೋತೀನಿ.” ಅವಳು ಮಾರ್ಸೆಲ್‌ನತ್ತ ತಿರುಗಿ, ಸೂಜಿ ಕಂಡು ಹಟ ಮಾಡುವ ಮಕ್ಕಳಿಗೆ ಹೇಳುವ ದನಿಯಲ್ಲಿ “ಯೂ, ಸಿಟ್” ಎಂದಳು. ಅವನು ಕೂತ. ಅವನ ಒಂದು ಕೈಗೆ ಗಿರಮಿಟ್ಟಿನ ತಟ್ಟೆ, ಇನ್ನೊಂದಕ್ಕೆ ನೀರಿನ ಲೋಟ ಕೊಟ್ಟು ಎದುರಿಗೆ ನಿಂತಳು. ಎರಡೂ ಕೈ ತುಂಬಿದ ಮೇಲೆ ಮನುಷ್ಯ ಉಪಕಾರ ಹೇಗೆ ಮಾಡಿಯಾನು? ಅವನು ಏಳಲು ಹೋದಾಗಲೆಲ್ಲ ತಟ್ಟೆಗೆ ಇನ್ನೊಂದು ಹಿಡಿ ಬಿತ್ತು.

ನಾವು ತುಂಡು ತೆಗೆದೆವು. ಗುಳ್ಳೆ ನಡುವೆ ಬಂದು ಕೂತಿತು. ಎರಡು ದೇಶದ ಹುಡುಗರು ಸೇರಿ ಚಾವಣಿ ಎತ್ತಿ ಇಟ್ಟು ಬೋಲ್ಟ್ ಬಿಗಿದರು. ಕಂಬಗಳೆಲ್ಲ ಮಾಡಬೇಕಾದದ್ದಕ್ಕಿಂತ ಒಂದೂವರೆ ಇಂಚು ಗಿಡ್ಡವಾಗಿದ್ದವು, ಆದರೆ ಎಂಟೂ ಗಿಡ್ಡವಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಬೋರ್ಡಿನವರು ಬಂದು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ದಪ್ಪನೆಯವರು, ಮಂಟಪದ ನಡುವೆ ನಿಂತು ಎರಡು ಸಲ ಕುಣಿದು ನೋಡಿದರು. ಅಲುಗಲಿಲ್ಲ.

ಆಗ ಮಿಸೆಸ್ ಡನ್ ನನ್ನನ್ನು ಮುಂದೆ ಕರೆದರು. “ಮಿಸ್ಟರ್ ಎಚ್, ಶಾಪ್ ಉಳಿಸಬಹುದು ಅಂತ ಬೋರ್ಡ್ ಹೇಳ್ತಾ ಇದೆ. ಕಂಪ್ಯೂಟರ್‌ಗಳಿಗೆ ಲೈಬ್ರರಿ ಹಿಂದಿನ ರೂಮು ಕೊಡಬೇಕಾಗುತ್ತೆ, ವೈರಿಂಗ್ ಎಲ್ಲ ಹೊಸದಾಗಿ ಆಗಬೇಕು. ಸ್ವಲ್ಪ ತೊಂದರೆಯೇ. ನಿಮಗೆ ಶಾಪ್ ಬೇಕಾ?”

ಧಾರವಾಡದಲ್ಲಿ ಯಾರ ಮನೆಗೆ ಹೋದರೂ ಚಹಾ ಕುಡಿಯುತ್ತೀರೇನು ಎಂದು ಕೇಳುತ್ತಾರೆ. ಮೊದಲ ಸಲ ಬ್ಯಾಡ್ರೀ ಎನ್ನಬೇಕು. ಅವರು ಒತ್ತಾಯ ಮಾಡುತ್ತಾರೆ. ಎರಡನೆಯ ಸಲ ಸ್ವಲ್ಪ ಮೆತ್ತಗೆ ಬ್ಯಾಡ್ರೀ ಎನ್ನಬೇಕು. ಮೂರನೆಯದಕ್ಕೆ ಕಪ್ಪು ಕೈಗೆ ಬರುತ್ತದೆ. ಹುಟ್ಟಿದಾಗಿನಿಂದ ನಾನು ಯಾವುದನ್ನೂ ಮೊದಲ ಸಲಕ್ಕೆ ಬೇಕು ಎಂದವನಲ್ಲ, ಮದುವೆಯನ್ನು ಕೂಡ.

“ಛೆ, ನನ್ನ ಸಲುವಾಗಿ ನೀವು ಅಷ್ಟೆಲ್ಲ ತೊಂದರೆ ತೆಗೆದುಕೊಳ್ಳುವುದು ಬೇಡ” ಎಂದು ಇಂಗ್ಲಿಷಿನಲ್ಲಿ ಹೇಳಿ, ಒತ್ತಾಯಕ್ಕಾಗಿ ಕಾದೆ.

ಅಧ್ಯಕ್ಷರು ನನ್ನ ಕೈ ಹಿಡಿದು ಕುಲುಕಿದರು. ನಿಮ್ಮದು ದೊಡ್ಡ ಮನಸ್ಸು, ಇಷ್ಟು ಸುಲಭವಾಗಿ ಒಪ್ಪುತ್ತೀರಿ ಎಂದುಕೊಂಡಿರಲಿಲ್ಲ ಎಂದರು. ಮಿಸೆಸ್ ಡನ್ ನಿರಾಳವಾಗಿ ಉಸಿರು ಬಿಟ್ಟರು. ಎಲ್ಲರೂ ಕಾರಿನ ಕಡೆ ತಿರುಗಿದರು.

ನಾನು ಶಕುಂತಲಾಳ ಮುಖ ನೋಡಿದೆ. ಇದನ್ನು ನೀವೇ ಹೇಳಬೇಕು ಎನ್ನುವಂತೆ ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಅವಳ ಹಿಂದೆ ನಮ್ಮ ಹುಡುಗರು ಗಿರಮಿಟ್ ತಿನ್ನುವುದನ್ನು ನಿಲ್ಲಿಸಿ ನಿಂತಿದ್ದರು.

“ಬೇಕ್ರೀ” ಎಂದೆ. ಗಟ್ಟಿಯಾಗಿ, ಕನ್ನಡದಲ್ಲಿ. ಬೋರ್ಡಿನವರು ನಿಂತರು. “ನನಗೆ ಶಾಪ್ ಬೇಕು. ಮೊದಲೂ ಬೇಕಾಗಿತ್ತು, ಈಗಲೂ ಬೇಕು” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಧ್ಯಕ್ಷರು ಒಂದು ಗಳಿಗೆ ನನ್ನನ್ನು ನೋಡಿ “ಓಕೆ” ಎಂದರು. ಅಷ್ಟೇ. ವಾದವಿಲ್ಲ, ಕೋಪವಿಲ್ಲ. ಇಷ್ಟು ವರ್ಷ ಈ ದೇಶದಲ್ಲಿ ಎಷ್ಟು ಓಕೆಗಳನ್ನು ಕೇಳದೆ ಬಿಟ್ಟಿದ್ದೆನೋ ಎಂದು ನನಗೆ ಹೊಟ್ಟೆ ಉರಿಯಿತು.

ಮಿಸೆಸ್ ಡನ್ ನಗುತ್ತ ಮಾರ್ಸೆಲ್‌ನತ್ತ ತಿರುಗಿ, ಬರುವ ವರ್ಷವೂ ಈ ಕಾರ್ಯಕ್ರಮ ನಡೆಸುವುದಾದರೆ ನಿಮ್ಮ ಹುಡುಗರನ್ನು ಮತ್ತೆ ಕರೆತರಲು ನಿಮಗೆ ಇಷ್ಟವೇ ಎಂದು ಕೇಳಿದರು. ಅವನು ತಟ್ಟೆ ಲೋಟ ಹಿಡಿದುಕೊಂಡೇ ಎದ್ದು ನಿಂತ. ಮೀಸೆಯ ಮೇಲೆ ಮಂಡಕ್ಕಿ ಇತ್ತು. “ಅದು... ನಿಮಗೆಲ್ಲ ತೊಂದರೆಯಾಗುವುದಾದರೆ, ನಮ್ಮದೇನೂ...” ಎಂದು ನೆಲ ನೋಡತೊಡಗಿದ.

“ಅವನಿಗೂ ಬೇಕು” ಎಂದೆ.